ಹೆಸರು ಹಿಡಿದ ದನಿ – ಒಂಬತ್ತನೆಯ ಕಂತು: ಕಂಬಳಿಯ ಖೋಲಿ

ಬಾಗಿಲಿಗೆ ಒಳಗಡೆಯಿಂದ ಹಿಡಿಕೆ ಇರಲಿಲ್ಲ.

ದ್ರಾಕ್ಷಾಯಿಣಿ ಅದನ್ನು ನೋಡಿದ್ದು ಬಾಗಿಲು ಮುಚ್ಚಿದ ಮೇಲೆ. ಹಿಡಿಕೆ ಇದ್ದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತುಗಳಿದ್ದವು. ಅವುಗಳ ಸುತ್ತ ಮರ ಇನ್ನೂ ಬೆಳ್ಳಗಿತ್ತು. ಬಿಚ್ಚಿ ಬಹಳ ದಿನವಾಗಿರಲಿಲ್ಲ. ಗೋಡೆಯಾಚೆಯ ಪಿಸುಮಾತನ್ನೂ ಹಿಡಿಯುತ್ತಾಳೆ ಎಂದು ಹೆಸರಾದ ಹೆಂಗಸು, ಮೂಗಿನ ಮುಂದಿನ ಬಾಗಿಲನ್ನು ಸರಿಯಾಗಿ ನೋಡದೆ ತಾನಾಗಿ ನಡೆದು ಬಂದು ಒಳಗೆ ಕೂತಿದ್ದಳು.

ಗಾಜಿನ ಸಣ್ಣ ಕಿಟಕಿಯ ಆಚೆ ಸೋಮಶೇಖರ ಕಂಪ್ಯೂಟರಿನ ಮುಂದೆ ಕೂತು ಕೈಸನ್ನೆ ಮಾಡಿದ, ಹೆಡ್‌ಫೋನ್ ಹಾಕಿಕೊಳ್ಳಿ ಎಂದು. ಮುಖದಲ್ಲಿ ಎಂದಿನ ನಗು.

ಹಾಕಿಕೊಂಡಳು. ಹಾಕಿಕೊಳ್ಳದೆ ಏನು ಮಾಡುತ್ತಾಳೆ? ಆ ಖೋಲಿಯಲ್ಲಿ ಹೊರಗಿನವರ ಮಾತು ಕೇಳಲು ಇದ್ದ ದಾರಿ ಅದೊಂದೇ.

ಗೋಕಾಕ ಫಾಲ್ಸಿನಲ್ಲಿ, ಹಳೇ ಮಿಲ್ಲಿನ ಸಾಲುಮನೆಗಳ ಹಿಂದೆ ಸೋಮಶೇಖರನ ಮನೆ. ಮನೆಯ ಹಿತ್ತಲ ಕಡೆಯ ಖೋಲಿಯೇ ಅವನ ಸ್ಟುಡಿಯೋ. ಒಂದು ಕಂಪ್ಯೂಟರ್, ಒಂದು ಒಳ್ಳೇ ಮೈಕು, ಎರಡು ಹೆಡ್‌ಫೋನು. ಇಷ್ಟರಲ್ಲೇ ಅವನು ಮೂಡಲಗಿ, ಹುಕ್ಕೇರಿ, ಗೋಕಾಕ ಕಡೆಯ ಡೊಳ್ಳಿನ ಪದದವರನ್ನೂ ಭಜನೆಯವರನ್ನೂ ಕರೆಸಿ ರೆಕಾರ್ಡ್ ಮಾಡಿ, ಊರೂರಿನ ಮೊಬೈಲಿಗೆ ಹಾಡು ತಲುಪಿಸುತ್ತಿದ್ದ. ಸದ್ದು ಗೋಡೆಗೆ ಬಡಿದು ತಿರುಗಿ ಬರಬಾರದೆಂದು ಪೇಟೆಯವರು ಸ್ಪಂಜು ಹಚ್ಚುತ್ತಾರೆ. ಇವನು ನಾಲ್ಕೂ ಗೋಡೆಗೆ, ಮಾಳಿಗೆಗೆ, ಹಿಡಿಕೆಯ ಜಾಗವಷ್ಟು ಬಿಟ್ಟು ಬಾಗಿಲಿಗೆ ಕುರುಬರ ಕರೀ ಕಂಬಳಿಯನ್ನು ಎರಡೆರಡು ಪದರ ಹೊಡೆದಿದ್ದ. ಕೆಲಸದ ಮಟ್ಟಿಗೆ ಅದು ಜಾಣತನವೇ. ಒಳಗೆ ಕೂತವರಿಗೆ ಮಾತ್ರ ತಲೆಯ ಮೇಲಿಂದ ಕಂಬಳಿ ಎಳೆದು ಸುತ್ತಿದ ಹಾಗೆ ಆಗುತ್ತಿತ್ತು.

ಮೊಬೈಲು ಹೊರಗಿನ ಬುಟ್ಟಿಯಲ್ಲಿತ್ತು. "ಒಳಗ ತರಬ್ಯಾಡ್ರಿ ಅಕ್ಕೋರ, ರೆಕಾರ್ಡಿಂಗದಾಗ ಟಿರ್ ಟಿರ್ ಅಂತೈತಿ," ಎಂದು ಸೋಮಶೇಖರ ಬಾಗಿಲಲ್ಲೇ ಬುಟ್ಟಿ ಹಿಡಿದಿದ್ದ. ಅದು ಅವನ ಸ್ಟುಡಿಯೋದ ನೇಮ. ಹಾಡಲು ಬಂದವರೆಲ್ಲ ಇಡುತ್ತಾರೆ. ಗುಡಿಯ ಮುಂದೆ ಚಪ್ಪಲಿ ಬಿಟ್ಟ ಹಾಗೆ ಅವಳೂ ಇಟ್ಟು ಬಂದಿದ್ದಳು.

ಅವಳದು ಗೋಕಾಕದಲ್ಲಿ ಕಿವಿ ಪರೀಕ್ಷೆ ಮಾಡಿ ಕಿವಿ ಮಿಷನ್ ಮಾರುವ ಅಂಗಡಿ. ಸುತ್ತಲಿನ ಹಳ್ಳಿಯವರಿಗೆ ಅವಳು 'ಕಿವಿ ಅಕ್ಕೋರು'. ತೀರಿಹೋದ ತಂದೆಯ ದನಿ ಮೊಬೈಲಿನಲ್ಲಿ ಗೊರಗೊರ ಅನ್ನುತ್ತಿದೆ ಎಂದು ಯಾರಾದರೂ ತಂದರೆ ಕೂತು ಸೋಸಿ ಕೊಡುತ್ತಿದ್ದಳು. ಹಾಗೆ ಸೋಸುತ್ತ ಸೋಸುತ್ತಲೇ ಪತ್ತೇದಾರಿಕೆ ಕೊರಳಿಗೆ ಬಿದ್ದದ್ದು. ಇವತ್ತು ಬಂದ ನೆಪವೂ ಅದೇ ಕಸುಬಿನದು: ಕಿವಿ ಪರೀಕ್ಷೆಗೆ ಬೇಕಾದ ಪದಗಳ ಪಟ್ಟಿಯನ್ನು ಒಳ್ಳೇ ಮೈಕಿನಲ್ಲಿ ರೆಕಾರ್ಡ್ ಮಾಡಿಸಬೇಕು ಎಂದು.

ನಿಜವಾದ ಕೆಲಸ ಬೇರೆ. ಕುಲಗೋಡದ ಹಾಡುಗಾರ್ತಿ ಯಮನವ್ವ ಕಾಣೆಯಾಗಿ ಇಂದಿಗೆ ಹನ್ನೊಂದು ದಿನ. ಬದುಕಿದ್ದಾಳೋ ಇಲ್ಲವೋ ತಿಳಿಯಬೇಕಿತ್ತು. ಬದುಕಿದ್ದರೆ ಹೊರಗೆ ತರಬೇಕಿತ್ತು.

*

"ನಾ ಹುಕ್ಕೇರ್ಯಾಗ ಆರಾಮ ಅದೇನಿ. ನನ್ನ ಹುಡುಕಬ್ಯಾಡ್ರಿ. ನನ್ನ ಗಂಡ ಕೆಂಚಪ್ಪಗ ಹೇಳ್ರಿ, ಚಿಂತಿ ಮಾಡಬ್ಯಾಡಂತ."

ಐದನೆಯ ದಿನ ಬಂದ ವಾಯ್ಸ್ ಮೆಸೇಜ್ ಇಷ್ಟೇ. ಹನ್ನೆರಡು ಸೆಕೆಂಡು. ಬಂದದ್ದು ಯಾವುದೋ ಹೊಸ ನಂಬರಿನಿಂದ, ದ್ರಾಕ್ಷಾಯಿಣಿಯ ತಮ್ಮ ಉಮೇಶನ ಮೊಬೈಲಿಗೆ. ಯಮನವ್ವನ ಗಂಡ ಕೆಂಚಪ್ಪನ ಹತ್ತಿರ ಇದ್ದದ್ದು ಬಟನ್ ಫೋನು. ಗಂಡಹೆಂಡತಿ ಗೋಕಾಕಕ್ಕೆ ಬಂದಾಗಲೆಲ್ಲ ಉಮೇಶ ಓಡಿಸುವ ಟಂಟಂ ಆಟೋ ಹತ್ತುತ್ತಿದ್ದರು. ಯಾರಾದರೂ ಅವರಿಗೆ ಏನಾದರೂ ಕಳಿಸಬೇಕಾದರೆ ಅವನ ನಂಬರಿಗೇ ಕಳಿಸುತ್ತಿದ್ದರು.

ಕೆಂಚಪ್ಪ ಹುಕ್ಕೇರಿಗೆ ಹೋಗಿ ಮೂರು ದಿನ ಓಣಿ ಓಣಿ ತಿರುಗಿದ. ಎಪ್ಪತ್ತು ದಾಟಿದ ಕುರಿಗಾರ, ಎಡಗಿವಿಗೆ ಮಿಷನ್ನು, ಹೆಗಲ ಮೇಲೆ ಕಂಬಳಿ. ಹೆಂಡತಿ ಸಿಗಲಿಲ್ಲ. ನೇರ ಬಂದು ಅಂಗಡಿಯಲ್ಲಿ ಕೂತ.

"ಅಕ್ಕೋರ, ಇದು ನಮ್ಮಾಕಿ ಮಾತಲ್ಲ."

"ದನಿ ಅವರದ ಐತೆಲ್ಲ ಕಾಕಾ."

"ದನಿ ಅಕಿದ. ಮಾತು ಅಕಿದಲ್ಲ. ನನ್ನ ಹೆಸರು ಹಿಡದಾಳ!"

ಹೇಳುವಾಗ ಮುದುಕನಿಗೆ ನಾಚಿಕೆಯೂ ಆಗಿತ್ತು, ಹೆದರಿಕೆಯೂ ಆಗಿತ್ತು. ಮದುವೆಯಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ ಗಂಡನ ಹೆಸರು ಸೇರಿಸಿ ಹೇಳುವ ಒಡಪು ಹಾಕಿಸಿದಾಗ ಒಮ್ಮೆ ಅವಳ ಬಾಯಿಂದ ಅವನ ಹೆಸರು ಬಂದದ್ದು. ಆಮೇಲೆ ಐವತ್ತು ವರ್ಷ ಇಲ್ಲ. ಮನೆಯ ನಾಯಿಯನ್ನು ಊರೆಲ್ಲ 'ಕೆಂಚ್ಯಾ' ಎಂದು ಕರೆದರೆ ಯಮನವ್ವ ಒಬ್ಬಳು 'ಬಣ್ಣದ್ದು' ಎನ್ನುತ್ತಿದ್ದಳು. ಗಂಡನೇನು ಕಡಿಮೆಯೇ? ಅಂಗಡಿಯ ಕಾಗದದಲ್ಲಿ ಹೆಂಡತಿಯ ಹೆಸರು ಬರೆಸಿ ಎಂದರೆ "ನಮ್ಮಾಕಿ ಅಂತ ಬರೀರಿ" ಎಂದು ಕೂತಿದ್ದ. ಕೊನೆಗೆ ಯಮನವ್ವನೇ ನಗುತ್ತ ತನ್ನ ಹೆಸರು ತಾನು ಹೇಳಿದ್ದಳು.

ಅಂಥವಳು ಗಂಡನ ಹೆಸರು ಹಿಡಿಯುತ್ತಾಳೆಯೇ? ದ್ರಾಕ್ಷಾಯಿಣಿಗೆ ಅಷ್ಟು ಸಾಕಾಯಿತು. ಈಗಿನ ಕಂಪ್ಯೂಟರಿಗೆ ಒಬ್ಬರ ದನಿಯನ್ನು ಗಂಟೆಗಟ್ಟಲೆ ಉಣಿಸಿದರೆ, ಅವರು ಹುಟ್ಟಿದಾಗಿನಿಂದ ಆಡದ ಮಾತನ್ನೂ ಅವರ ದನಿಯಲ್ಲೇ ಆಡಿಸುತ್ತದೆ. ಹೆಡ್‌ಫೋನಿಗೆ ಕಿವಿ ಕೊಟ್ಟು ಆ ಹನ್ನೆರಡು ಸೆಕೆಂಡನ್ನು ನೂರು ಸಲ ಕೇಳಿದಳು. 'ಕೆಂಚಪ್ಪಗ' ಎಂಬ ಮಾತಿನ ಬೆನ್ನಿಗೇ ಒಂದು 'ಸರ್ರ್' ಮತ್ತು ಅದಕ್ಕೆ ಹತ್ತಿದಂತೆ ಒಂದು 'ಟಿಕ್'. ಎರಡು ತುಂಡನ್ನು ಜೋಡಿಸಿದ ಗುರುತು ಇದೇ ಎಂದು ತೀರ್ಮಾನಿಸಿದಳು. ಇದು ತಯಾರಿಸಿದ ದನಿ ಎಂದು ಮೂರು ದಿನ ಕಂಡಕಂಡವರಿಗೆ ಹೇಳಿದಳು. ಯಮನವ್ವನ ದನಿ ಗಂಟೆಗಟ್ಟಲೆ ಇದ್ದದ್ದು ಒಬ್ಬನ ಹತ್ತಿರ ಮಾತ್ರ, ಸೋಮಶೇಖರನ ಹತ್ತಿರ.

ಇನ್ನೊಂದು ಸುಳಿವು ನಿನ್ನೆ ಸಂಜೆ ಸಿಕ್ಕಿತ್ತು. ದನಿಯನ್ನೆಲ್ಲ ಇಳಿಸಿ ತಳದ ಸದ್ದನ್ನಷ್ಟೇ ಏರಿಸಿದಾಗ ಒಂದೇ ಸಮನೆ 'ಗುಂ' ಎನ್ನುವ ಭಾರವಾದ ಸಪ್ಪಳ. ಶ್ರಾವಣದ ಮಳೆಗೆ ಫಾಲ್ಸು ತುಂಬಿ ಬೀಳುತ್ತಿತ್ತು. ಆ ಸಪ್ಪಳ ಕಿವಿಗೆ ಬರುವುದಕ್ಕಿಂತ ಮೊದಲು ಅಂಗಾಲಿಗೆ ಬರುತ್ತದೆ, ಯಾವ ಕಂಬಳಿಯೂ ಅದನ್ನು ತಡೆಯುವುದಿಲ್ಲ. ಹುಕ್ಕೇರಿಯಲ್ಲಿ ಎಲ್ಲಿಯ ಫಾಲ್ಸು?

ಅದನ್ನು ಹೇಳಿದ್ದು ಉಮೇಶನೊಬ್ಬನಿಗೆ. ಅವನು ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೇಳಿದ. "ಪೊಲೀಸರಿಗೆ ಆಮ್ಯಾಲ ಹೇಳೋಣಂತ ಅಕ್ಕಾ. ಮೊದಲ ನೀ ಒಬ್ಬಾಕಿನ ಹೋಗಿ ನೋಡಿ ಬಾ. ಕಾಕಾನ ನಾ ನೋಡ್ಕೋತೇನಿ," ಎಂದ.

*

"ದನಿ ಸರಿ ಕೇಳ್ತೈತೇನ್ರಿ?" ಸೋಮಶೇಖರನ ಮಾತು ಕಿವಿಯೊಳಗೇ ಹುಟ್ಟಿದ ಹಾಗೆ ಕೇಳಿತು.

"ಕೇಳ್ತೈತ್ರಿ. ಬಾಗಲಾ ಹಿಡಿಕಿ ಎಲ್ಲಿ ಹೋತ್ರಿ ಸೋಮಣ್ಣಾರ?"

"ಬಿಚ್ಚೇನ್ರಿ. ಡೊಳ್ಳ ಬಾರಿಸಿದ್ರ ಗಿಣಿಗಿಣಿ ಅಂತಿತ್ತು."

ಉತ್ತರ ಬಾಯಲ್ಲಿ ಸಿದ್ಧವಾಗಿಯೇ ಇತ್ತು.

"ನಾಕ ಪದ ಓದ್ರಿ. ದನಿ ಎಷ್ಟ ಬರ್ತೈತಿ ನೋಡ್ತೇನಿ."

ಅವಳು ಪಟ್ಟಿ ತೆಗೆದು ಓದಿದಳು. "ಹಾಲು. ಕಲ್ಲು. ಬಾಗಿಲು. ಗಾಳಿ."

ತನ್ನ ದನಿ ತನ್ನ ಕಿವಿಗೇ ಬಂದಾಗ ಅವಳ ಮೈ ಜುಮ್ಮೆಂದಿತು. ಬೇರೆ ಎಲ್ಲಿ ಮಾತಾಡಿದರೂ ಮಾತಿನ ಹಿಂದೆ ಸ್ವಲ್ಪ ಖೋಲಿಯೂ ಬರುತ್ತದೆ. ಗೋಡೆ, ನೆಲ, ಪಾತ್ರೆಪಗಡೆ ಎಲ್ಲ ಸೇರಿ ಮಾತಿಗೊಂದು ಬಾಲ ಕೊಡುತ್ತವೆ. ಇಲ್ಲಿ ಬಾಲ ಇರಲಿಲ್ಲ. 'ಬಾಗಿಲು' ಎಂದರೆ ಬಾಗಿಲು, ಮುಂದೆ ಮೌನ. ಯಮನವ್ವನ ಹನ್ನೆರಡು ಸೆಕೆಂಡಿನಲ್ಲೂ ಹೀಗೇ ಇತ್ತು.

ಪಟ್ಟಿಯ ಹಾಳೆ ತಿರುವಲು ಕೈ ಎತ್ತಿದಳು. ಖೋಲಿ ಎಷ್ಟು ಇಕ್ಕಟ್ಟು ಎಂದರೆ ಮೊಣಕೈ ಗೋಡೆಯ ಕಂಬಳಿಗೆ ತಾಗಿತು. ಗಾಜಿನ ಬಳೆ ಒರಟು ಉಣ್ಣೆಗೆ ಸಿಕ್ಕಿ ಎಳೆದು ಬಿಟ್ಟಿತು.

ಸರ್ರ್. ಟಿಕ್.

ದ್ರಾಕ್ಷಾಯಿಣಿ ಕೈಯನ್ನು ಅಲ್ಲಿಯೇ ನಿಲ್ಲಿಸಿದಳು. ಮತ್ತೆ ಮೆಲ್ಲಗೆ ಬಳೆಯನ್ನು ಕಂಬಳಿಗೆ ಉಜ್ಜಿದಳು. ಸರ್ರ್. ಟಿಕ್. ನೂರು ಸಲ ಕೇಳಿದ ಸದ್ದು. ಕೆಳಗೆ ಬಗ್ಗಿದರೆ ಕಂಬಳಿಯ ಅಂಚಿನಲ್ಲಿ ಯಮನವ್ವ ತೊಡುವಂಥ ಹಸಿರು ಬಳೆಯ, ಕಡಲೆಯಷ್ಟು ದೊಡ್ಡ ಚೂರು ಕೂಡ ಸಿಕ್ಕಿಕೊಂಡಿತ್ತು.

ಯಾವ ಜೋಡಣೆಯೂ ಅಲ್ಲ, ಯಾವ ಕಂಪ್ಯೂಟರಿನ ಕರಾಮತ್ತೂ ಅಲ್ಲ. ಯಮನವ್ವ ಇದೇ ಸ್ಟೂಲಿನ ಮೇಲೆ ಕೂತು ತನ್ನ ಸ್ವಂತ ಬಾಯಿಂದ ಆಡಿದ ಮಾತದು. ಗಂಡನ ಹೆಸರನ್ನು ಅವಳು ಬೇಕೆಂದೇ ಹಿಡಿದಿದ್ದಳು. ಹೇಳಿಸುವವನಿಗೆ ಗೊತ್ತಾಗಬಾರದು, ಕೇಳಬೇಕಾದವನಿಗೆ ಮಾತ್ರ ಗೊತ್ತಾಗಬೇಕು: ಇದು ನನ್ನ ಮನಸ್ಸಿನ ಮಾತಲ್ಲ, ನಾನು ಸಿಕ್ಕಿಬಿದ್ದಿದ್ದೇನೆ.

ಇದನ್ನು ಕೆಂಚಪ್ಪ ಇವತ್ತು ಮುಂಜಾನೆಯೇ ಹೇಳಿದ್ದ. ಅಂಗಡಿಯಲ್ಲಿ ಕಿವಿ ಪರೀಕ್ಷೆಗೆಂದು ಸದ್ದು ಹಾಯದ ಒಂದು ಗಾಜಿನ ಪೆಟ್ಟಿಗೆ ಇದೆ, ಇಬ್ಬರು ಕೂರುವಷ್ಟು. ಮುದುಕ ಅದರೊಳಗೆ ಅವಳನ್ನು ಕರೆದು ಬಾಗಿಲು ಹಾಕಿಸಿ ಎರಡು ಮಾತು ಆಡಿದ್ದ. ಒಂದು: "ಅಕ್ಕೋರ, ಕಂಪ್ಯೂಟರ ಆಡಿಸಿದ ಮಾತು ಅಂತೀರಿ ನೀವು. ನಮ್ಮಾಕಿ ಬೇಕಂತನ ಹೆಸರು ಹಿಡದಿದ್ರ?" ಅದಕ್ಕೆ ಅವಳು, "ಹಂಗಿರೂದಿಲ್ಲ ಕಾಕಾ, ನಾ ಜೋಡಣಿ ಕೇಳೇನಿ," ಎಂದು ಬಾಯಿ ಮುಚ್ಚಿಸಿದ್ದಳು. ಅರ್ಧಕ್ಕರ್ಧ ಕಿವುಡ ಮುದುಕನಿಗೆ ಕೇಳಿಸಿದ್ದು, ಇಷ್ಟೆಲ್ಲ ಯಂತ್ರ ಇಟ್ಟುಕೊಂಡ ತನಗೆ ಕೇಳಿಸಲಿಲ್ಲ. ಮೂರು ದಿನ ವ್ಯರ್ಥ ಮಾಡಿದೆನಲ್ಲ ಎಂದು ಅವಳಿಗೆ ಅಳು ಬಂದಿತು.

ಮುದುಕ ಆಡಿದ ಎರಡನೆಯ ಮಾತು ಕಾರ್ಡಿನದು.

"ಯಾಕ್ರಿ ಅಕ್ಕೋರ, ಉಸರ ಜೋರಾತು?"

ಬೆಚ್ಚಿ ಗಾಜಿನ ಕಡೆ ನೋಡಿದಳು. ಸೋಮಶೇಖರ ತನ್ನ ಹೆಡ್‌ಫೋನಿನ ಮೇಲೆ ಎರಡೂ ಕೈ ಒತ್ತಿಕೊಂಡು ಕಣ್ಣು ಮುಚ್ಚಿ ಕೇಳುತ್ತಿದ್ದ. ಮೈಕು ಅವಳ ಉಸಿರನ್ನೂ ಬಿಡುತ್ತಿರಲಿಲ್ಲ.

*

"ಪದದ ಪಟ್ಟಿ ಇರ್ಲಿ ಬಿಡ್ರಿ," ಎಂದ ಸೋಮಶೇಖರ. "ನಿನ್ನಿ ಸಂಜಿ ನಿಮಗ ಫಾಲ್ಸಿನ ಸಪ್ಪಳ ಕೇಳಿಸ್ತಂತ. ಆವಾಗಿಂದ ನಿಮ್ಮ ದಾರಿ ಕಾಯಾಕತ್ತೇನಿ."

"ನಿಮಗ ಯಾರ ಹೇಳಿದ್ರು?"

ಅವನು ನಕ್ಕ. ಉಮೇಶನ ಬಾಯಿ ಸುಮ್ಮನಿರುವುದಿಲ್ಲ, ಟಂಟಂ ಸ್ಟ್ಯಾಂಡಿನಲ್ಲಿ ಯಾರ ಮುಂದೆಯೋ ಆಡಿರಬೇಕು, ಮನೆಗೆ ಹೋದ ಮೇಲೆ ಚೆನ್ನಾಗಿ ಬೈಯಬೇಕು ಎಂದುಕೊಂಡಳು ದ್ರಾಕ್ಷಾಯಿಣಿ.

"ಯಮನವ್ವನ ಕಾರ್ಡ್ ಎಲ್ಲೈತಿ?"

"ಯಾವ ಕಾರ್ಡ್?"

"ಹಂಗ ಮಾಡಬ್ಯಾಡ್ರಿ."

ಯಾವ ಕಾರ್ಡು ಎಂದು ಇಬ್ಬರಿಗೂ ಗೊತ್ತಿತ್ತು. ಹೊಸ ಹಾಡಿನ ಧಾಟಿ ಮರೆಯಬಾರದೆಂದು ಯಮನವ್ವ ಸೊಂಟದ ಚೀಲದಲ್ಲಿ ಮೆಮರಿ ಕಾರ್ಡ್ ಹಾಕಿದ ಬೆರಳುದ್ದದ ರೆಕಾರ್ಡರ್ ಇಟ್ಟುಕೊಳ್ಳುತ್ತಿದ್ದಳು. ಎರಡು ತಿಂಗಳ ಹಿಂದೆ ಈ ಮನೆಯ ಹಿತ್ತಲ ಕಟ್ಟೆಯ ಮೇಲೆ ಹಾಡು ಗುನುಗುತ್ತ ಕೂತವಳು, ನೀರಿಗೆಂದು ಎದ್ದು ಹೋಗುವಾಗ ಅದನ್ನು ಕಟ್ಟೆಯ ಮೇಲೇ ಬಿಟ್ಟಳು. ನಿಲ್ಲಿಸುವ ಗುಂಡಿ ಒತ್ತಿರಲಿಲ್ಲ. ಅದು ತನ್ನ ಪಾಡಿಗೆ ಕೇಳುತ್ತ ಕೂತಿತ್ತು. ಅದೇ ಮಧ್ಯಾಹ್ನ, ಸೋಮಶೇಖರನ ಹಾಡುಗಳಿಗೆ ಡೊಳ್ಳು ಬಾರಿಸುತ್ತಿದ್ದ ಮಾಲಿಂಗ ಫಾಲ್ಸಿನ ಬಂಡೆಯಿಂದ ಜಾರಿ ಬಿದ್ದು ಸತ್ತ. ಜಾರಿದನೆಂದೇ ಎಲ್ಲರೂ ನಂಬಿದ್ದರು. ವಾರಗಳ ಮೇಲೆ ಯಮನವ್ವ ಹಾಡು ಕೇಳಲು ಹೋದರೆ ಒಳಗೆ ಮಾಲಿಂಗ ಅಂಗಲಾಚಿ ಬೇಡುವ ದನಿಯಿತ್ತು. ಜೊತೆಗೆ ಇಬ್ಬರು ಗಂಡಸರ ದನಿ.

"ಒಬ್ಬಾಂವನ ಗುರ್ತ ಸಿಕ್ಕೈತಿ," ಎಂದು ಅವಳು ಗಂಡನಿಗೆ ಹೇಳಿದ್ದಳಂತೆ. "ಇನ್ನೊಬ್ಬಾಂವನ ದನಿ ಎಲ್ಲ್ಯೋ ಕೇಳೇನಿ. ನೆನಪಾಗವಲ್ದು." ಮರುದಿನ ಅವಳು ಇರಲಿಲ್ಲ.

ಕಾರ್ಡು ಕೆಂಚಪ್ಪನ ಹತ್ತಿರ ಇತ್ತು. ಗಾಜಿನ ಪೆಟ್ಟಿಗೆಯೊಳಗೆ ಅವನು ಹೇಳಿದ್ದು ಅದನ್ನೇ. ಎಲ್ಲಿಟ್ಟಿದ್ದಾನೆಂದು ಹೇಳಲಿಲ್ಲ, ಕೊಡಲೂ ಇಲ್ಲ. "ನಮ್ಮಾಕಿ ಮಾರಿ ನೋಡಿದ ಮ್ಯಾಲ ಕೊಡ್ತೇನಿ," ಎಂದು ಹಟ ಹಿಡಿದಿದ್ದ. ಈ ಸಂಗತಿ ಉಮೇಶನಿಗೂ ಗೊತ್ತಿರಲಿಲ್ಲ. ಗಾಜಿನಾಚೆ ಕೂತಿದ್ದ ಅವನಿಗೆ ತುಟಿಯಾಡಿದ್ದು ಕಂಡಿರಬಹುದು, ಅಷ್ಟೆ.

"ಯಮನವ್ವ ಎಲ್ಲಿ ಅದಾರ?" ಎಂದಳು ದ್ರಾಕ್ಷಾಯಿಣಿ.

"ಅದಾಳ."

"ಆರಾಮ ಅದಾರೇನು?"

ಸೋಮಶೇಖರ ಗಾಜಿನಿಂದ ಮುಖ ಹೊರಳಿಸಿದ. "ಮೊನ್ನಿತನಕಾ ಹಾಡಾಕತ್ತಿದ್ಲು. ನಿನ್ನಿಯಿಂದ ನೀರು ಸೈತ ಒಲ್ಲೆ ಅನ್ನಾಕತ್ತಾಳ. ಖರೇ ಹೇಳ್ತೇನಿ, ನನಗ ಅಕಿನ ಕೊಲ್ಲೂ ಮನಸಿಲ್ರಿ. ಎಂಟ ವರ್ಷ ಅಕಿ ಹಾಡ ತುಂಬಿಕೊಂಡೇನಿ. ಕಾರ್ಡ್ ಬಂತಂದ್ರ ಬಿಟ್ಟಬಿಡೂಣು ಅಂದಾನ."

"ಅಂದಾನ? ಯಾರು?"

ತಪ್ಪಿ ಬಿದ್ದ ಮಾತು. ಅವನ ಮುಖದ ನಗು ಹೋಯಿತು. ಕೈ ಒಂದು ಗುಂಡಿಯ ಮೇಲೆ ಬಂದಿತು, ಕಿವಿಯಲ್ಲಿ ಪೂರ್ತಿ ಮೌನ. ಅವಳು ಕೂಗಿದಳು, ಗಾಜು ಬಡಿದಳು. ಮುಷ್ಟಿಯ ಪೆಟ್ಟಿನ ಸದ್ದು ಕಂಬಳಿಯಲ್ಲಿ ಮುಳುಗಿಹೋಯಿತು. ಗಾಜಿನಾಚೆ ಅವನು ಕೈ ಚಾಚಿ ಗೋಡೆಯ ಸ್ವಿಚ್ಚು ಆರಿಸಿದ. ತಲೆಯ ಮೇಲೆ ಒಳಗೆ ಗಾಳಿ ತರುತ್ತಿದ್ದ ಸಣ್ಣ ಫ್ಯಾನು ನಿಧಾನವಾಗಿ ನಿಂತಿತು.

ಐದು ನಿಮಿಷಕ್ಕೆ ಕುತ್ತಿಗೆಯಲ್ಲಿ ಬೆವರು ಹರಿಯಿತು. ಹತ್ತು ನಿಮಿಷಕ್ಕೆ ಉಣ್ಣೆಯ ವಾಸನೆ ಗಂಟಲಿಗೆ ಇಳಿಯಿತು. ಹನ್ನೊಂದು ದಿನ ಆ ಮುದುಕಿ ಇಂಥಲ್ಲಿ ಹೇಗಿದ್ದಳಪ್ಪ ಎಂದುಕೊಂಡಳು.

ಕಿವಿಯಲ್ಲಿ ದನಿ ಮರಳಿತು. "ಹೇಳ್ರಿ. ಎಲ್ಲೈತಿ?"

ನೀರು ಒಲ್ಲೆ ಎನ್ನುವ ಅರವತ್ತೆಂಟು ವರ್ಷದ ಹೆಂಗಸಿಗೆ ಇನ್ನೆಷ್ಟು ದಿನ? ದ್ರಾಕ್ಷಾಯಿಣಿ ಕಣ್ಣು ಮುಚ್ಚಿದಳು.

"ಕಾಕಾನ ಹತ್ರ ಐತಿ. ನಮ್ಮ ಅಂಗಡ್ಯಾಗ ಅದಾರ. ನಾ ಹೇಳಿದ್ರ ಮಾತ್ರ ಕೊಡ್ತಾರ."

"ಹಂಗಾರ ಹೇಳ್ರಿ. ಇಲ್ಲೇ ರೆಕಾರ್ಡ್ ಮಾಡಿ ನಿಮ್ಮ ತಮ್ಮನ ಮೊಬೈಲಿಗೆ ಕಳಸ್ತೇನಿ. ಅಜ್ಜಗ ಕೇಳಿಸ್ಲಿ. ಕಾರ್ಡ್ ತಮ್ಮನ ಕೈಯಾಗ ಕೊಡ್ಲಿ, ಅಂವಾ ಇಲ್ಲಿ ತಂದ ಕೊಡ್ಲಿ."

ತಮ್ಮನ ಕೈಯಲ್ಲಿ! ಬೆವರಿನಲ್ಲೂ ಅವಳಿಗೆ ಜೀವ ಬಂದ ಹಾಗಾಯಿತು. ಈ ಮನುಷ್ಯ ಎಷ್ಟು ಜಾಣನೋ ಅಷ್ಟೇ ದಡ್ಡ. ಉಮೇಶ ಕಾರ್ಡು ತೆಗೆದುಕೊಂಡು ಇಲ್ಲಿಗೆ ಬರುತ್ತಾನೆಯೇ? ಅಕ್ಕ ಸಿಕ್ಕಿಬಿದ್ದಿದ್ದಾಳೆ ಎಂದು ತಿಳಿದರೆ ನೇರ ಠಾಣೆಗೆ ಓಡುತ್ತಾನೆ. ಅದನ್ನು ತಿಳಿಸುವುದು ಹೇಗೆ? ಯಮನವ್ವ ತೋರಿಸಿಕೊಟ್ಟ ದಾರಿ ಇತ್ತಲ್ಲ.

ಅವಳು ಮೈಕಿಗೆ ಬಾಯಿ ಹತ್ತಿರ ತಂದು, ಒಂದೊಂದೇ ಮಾತು ಆಡಿದಳು.

"ಕೆಂಚಪ್ಪನವರ, ನಾ ಆರಾಮ ಅದೇನಿ. ನಿಮ್ಮ ಹತ್ರ ಇರೂ ಕಾರ್ಡ್ ಉಮೇಶನ ಕೈಯಾಗ ಕೊಡ್ರಿ. ಚಿಂತಿ ಮಾಡಬ್ಯಾಡ್ರಿ."

ಪರಿಚಯವಾದ ಏಳು ವರ್ಷದಲ್ಲಿ ಒಂದು ದಿನವೂ ಅವಳು ಆ ಮುದುಕನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಕಾಕಾ ಅಂದರೆ ಕಾಕಾ. ಮುದುಕನಿಗೆ ಗೊತ್ತಾಗದೆ ಇರುವುದಿಲ್ಲ.

ಸೋಮಶೇಖರ ಅದನ್ನು ಎರಡು ಸಲ ಕೇಳಿದ. ಕಸುಬು ಬಿಡುತ್ತದೆಯೇ? ಮೊದಲಲ್ಲಿ ಬಂದ ಒಂದು ಕೆಮ್ಮನ್ನು ಕತ್ತರಿಸಿ ತೆಗೆದ, ದನಿಯನ್ನು ತುಸು ಏರಿಸಿದ. "ಚಲೋ ಬಂದೈತ್ರಿ," ಎಂದ. ಕಳಿಸಿದ. ಫ್ಯಾನು ಹಾಕಿದ.

*

ಕಾಯುವುದು ಎಂದರೆ ಏನೆಂದು ಆ ಖೋಲಿಯಲ್ಲಿ ತಿಳಿಯಿತು. ಗಡಿಯಾರದ ಟಿಕ್‌ಟಿಕ್ ಇಲ್ಲ, ಕಾಗೆಯ ಕೂಗಿಲ್ಲ. ಅಂಗಾಲಿನ ಕೆಳಗೆ ಫಾಲ್ಸಿನ ಗುಂ, ಎದೆಯೊಳಗಿನ ಬಡಿತ, ಅಷ್ಟೆ.

ಅವ್ವ ತೀರಿಕೊಂಡಾಗ ಉಮೇಶನಿಗೆ ಒಂಬತ್ತು ವರ್ಷ. ಸಾಲೆಗೆ ಕಳಿಸಿದ್ದು ಅವಳು, ಜ್ವರ ಬಂದರೆ ಎದ್ದು ಕೂತದ್ದು ಅವಳು, ಟಂಟಂ ಕೊಡಿಸಿದ್ದೂ ಅವಳು. ಮದುವೆಯ ಮಾತು ಬಂದಾಗ "ತಮ್ಮ ಒಂದ ದಡಾ ಸೇರ್ಲಿ" ಎಂದು ಮುಂದೆ ಹಾಕುತ್ತ ಹಾಕುತ್ತ ನಲವತ್ತೆರಡು ಆಗಿತ್ತು. ಅದರ ಬಗ್ಗೆ ಅವಳಿಗೆ ಬೇಜಾರಿರಲಿಲ್ಲ. ಈಗ ಅವನು ಬಂದು ಬಾಗಿಲು ಒಡೆಯುತ್ತಾನೆ, ಜೊತೆಗೆ ನಾಲ್ಕು ಜನ ಪೊಲೀಸರಿರುತ್ತಾರೆ. ಬೈಗುಳವನ್ನು ಈ ಸಲಕ್ಕೆ ಮಾಫ್ ಮಾಡೋಣ ಎಂದುಕೊಂಡಳು.

ಸೋಮಶೇಖರನ ಮೊಬೈಲು ಮಿನುಗಿತು. ಅವನು ಒಮ್ಮೆ ಕೇಳಿ, ತಲೆಯಾಡಿಸಿ, ತಂತಿ ಹಚ್ಚಿ ಅವಳ ಹೆಡ್‌ಫೋನಿಗೆ ಬಿಟ್ಟ. "ಕೇಳ್ರಿ. ಅಜ್ಜ ಸಮಾಧಾನ ಆಗ್ಯಾನ."

ಮೊದಲು 'ಕುಂಯ್' ಎಂಬ ಸೀಟಿ. ಕಿವಿ ಮಿಷನ್ನಿಗೆ ಮೊಬೈಲನ್ನು ತೀರಾ ಹತ್ತಿರ ಹಿಡಿದರೆ ಬರುವ ಸದ್ದು ಅದು. ಕೆಂಚಪ್ಪ ತಾನೇ ಹಿಡಿದುಕೊಂಡಿದ್ದರೆ ದೂರ ಹಿಡಿಯುತ್ತಿದ್ದ, ಅವಳೇ ಕಲಿಸಿದ್ದಳು. ಬೇರೆ ಯಾರೋ ಹಿಡಿದಿದ್ದರು. ಆಮೇಲೆ ಮುದುಕನ ದನಿ, ತಡೆತಡೆದು:

"ಅಕ್ಕೋರ, ನಾ ಇಲ್ಲಿ ಆರಾಮ ಅದೇನಿ. ನೀವು ಹೇಳಿದಂಗ ಕಾರ್ಡ್ ಕೊಟ್ಟೇನಿ. ನನ್ನ ಹೆಂಡತಿ ಯಮನವ್ವಗ ಹೇಳ್ರಿ, ಚಿಂತಿ ಮಾಡಬ್ಯಾಡಂತ."

ಗೊತ್ತಾಗಿದೆ! ಮುದುಕನಿಗೆ ಗೊತ್ತಾಗಿದೆ! ದ್ರಾಕ್ಷಾಯಿಣಿಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷ ಎರಡು ಉಸಿರಿನಷ್ಟು ಹೊತ್ತು ಇತ್ತು.

ನನ್ನ ಹೆಂಡತಿ ಯಮನವ್ವ.

ಅಂಗಡಿಯ ಕಾಗದದಲ್ಲೂ ಆ ಹೆಸರು ಹಿಡಿಯದವನು. ಅವಳು ಕಳಿಸಿದ ಗುರುತು ಸಿಕ್ಕಿದೆ ಎಂದು ಹೇಳಲು ಬೇರೆ ನೂರು ದಾರಿಯಿದ್ದವು. ಅವನು ಹೆಂಡತಿ ಆಡಿದ ಮಾತನ್ನೇ ತಿರುಗಿಸಿ ಆಡಿದ್ದ. ಆರಾಮ ಇದ್ದೇನೆ ಎಂದು ಹೇಳಿ, ಹಿಡಿಯಬಾರದ ಹೆಸರು ಹಿಡಿದಿದ್ದ. ಅದರ ಅರ್ಥ ಒಂದೇ. ತಾನೂ ಸಿಕ್ಕಿಬಿದ್ದಿದ್ದೇನೆ, ಆಡಿಸುವವರು ಬಾಜೂಕ್ಕೇ ಇದ್ದಾರೆ.

ಬಾಜೂಕ್ಕೆ ಯಾರಿದ್ದರು? ಮುಂಜಾನೆ ಹೊರಡುವಾಗ ಅವಳೇ ಹೇಳಿ ಬಂದಿದ್ದಳಲ್ಲ: "ಉಮ್ಯಾ, ನಾ ಬರೂತನಕಾ ಕಾಕಾನ ಬಿಟ್ಟ ಹೋಗಬ್ಯಾಡ. ಶಟರ್ ಎಳಕೋ. ಯಾರನ್ನೂ ಒಳಗ ಬಿಡಬ್ಯಾಡ."

ಇಲ್ಲ. ಯಾರೋ ಶಟರ್ ಎತ್ತಿಸಿ ಒಳಗೆ ನುಗ್ಗಿರಬೇಕು. ಉಮೇಶನನ್ನೂ ಹಿಡಿದಿರಬೇಕು. ಹಾಗೆಯೇ ಇರಬೇಕು. ದೇವರೇ, ಹಾಗೆಯೇ ಇರಲಿ ಎಂದು ಅವಳು ಬೇಡಿಕೊಂಡಳು. ತಮ್ಮನನ್ನು ಯಾರೋ ಕಟ್ಟಿಹಾಕಿರಲಿ ಎಂದು ಅಕ್ಕ ಬೇಡಿಕೊಳ್ಳುವ ಕಾಲವೂ ಬಂತು.

ಆದರೆ ಫಾಲ್ಸಿನ ಸಪ್ಪಳದ ಮಾತು ಹೇಳಿದ್ದು ಒಬ್ಬನಿಗೆ. ಒಬ್ಬಳೇ ಹೋಗು ಎಂದವನೂ ಅವನೇ. ಯಮನವ್ವ ಎಲ್ಲೋ ಕೇಳಿದ್ದೇನೆ ಎಂದ ದನಿ, ನೆನಪಾಗದ ದನಿ. ಟಂಟಂ ಓಡಿಸುವವನು ಮುಂದೆ ಕೂತಿರುತ್ತಾನೆ, ಹಿಂದೆ ಕೂತವರಿಗೆ ಅವನ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ.

"ಸೋಮಣ್ಣಾರ, ನಮ್ಮ ತಮ್ಮ…" ಎಂದಳು.

"ಹೊಂಟಾನ್ರಿ. ಇನ್ನೇನ ಬಂದ." ಸೋಮಶೇಖರ ಅವಳ ಮುಖ ನೋಡಲಿಲ್ಲ. ಇಷ್ಟು ಹೊತ್ತು ಇಲ್ಲದ ಅಂಜಿಕೆ ಅವನ ದನಿಯಲ್ಲಿ ಇತ್ತು.

ಟಂಟಂ ಬಂದು ನಿಂತ ಸದ್ದು ಕಂಬಳಿ ದಾಟಿ ಒಳಗೆ ಬರಲಿಲ್ಲ. ಗಾಜಿನಾಚೆ ಸೋಮಶೇಖರ ತಟ್ಟನೆ ಎದ್ದು, ಕುರ್ಚಿ ಬಿಟ್ಟು ಗೋಡೆಗೆ ಒತ್ತಿ ನಿಂತ. ಉಮೇಶ ಒಬ್ಬನೇ ಒಳಗೆ ಬಂದ. ಹೆಗಲ ಮೇಲೆ ಕೆಂಚಪ್ಪನ ಕಂಬಳಿಯಿತ್ತು.

ಅವನು ಆ ಕುರ್ಚಿಯಲ್ಲಿ ಕೂತ. ಹೆಡ್‌ಫೋನ್ ಹಾಕಿಕೊಂಡ. ಅಷ್ಟೊಂದು ಗುಂಡಿಗಳ ನಡುವೆ ಯಾರೂ ತೋರಿಸದೆಯೇ ಒಳಗಿನವರೊಡನೆ ಮಾತಾಡುವ ಗುಂಡಿಯನ್ನು ನೇರವಾಗಿ ಒತ್ತಿದ. ಅವಳ ಕಿವಿಯಲ್ಲಿ, ತೀರಾ ಹತ್ತಿರದಲ್ಲಿ, ಅವಳೇ ಮಾತು ಕಲಿಸಿದ ದನಿ ಕೇಳಿತು.

"ಅಕ್ಕಾ, ಕಾಕಾ ಕೊಟ್ಟ ಕಾರ್ಡ್ ಖಾಲಿ ಐತಿ. ಅಂವಾ ಇನ್ನ ಮಾತಾಡೂದಿಲ್ಲ. ಖರೇ ಕಾರ್ಡ್ ಎಲ್ಲೈತಿ, ನೀ ಹೇಳು."